ಗುಣಿಗೆರಡು ಸಸಿ

ಜುಲೈ 9, ಬುಧವಾರ

ಅತ್ತೆ ಊಟ ಮಾಡದೆ ಮಲಗಿದ್ದಾರೆ. ಮೂರು ಸಲ ಕರೆದೆ.

ತಪ್ಪು ನನ್ನದಲ್ಲ. ಮುಸುಕಿನ ಜೋಳ ಬಿತ್ತುವಾಗ ಗುಣಿಗೆ ಒಂದೇ ಬೀಜ ಸಾಕು ಅಂದಿದ್ದೆ. "ಒಂದು ನಮ್ಗೆ, ಒಂದು ನವಿಲ್ಗೆ" ಅಂತ ಅವರೇ ಎರಡೆರಡು ಹಾಕಿದರು. ಈ ಸಲ ನವಿಲು ಹೊಲಕ್ಕೇ ಇಳಿಯಲಿಲ್ಲ, ಎರಡೂ ಹುಟ್ಟಿವೆ. ಹೀಗೇ ಬಿಟ್ಟರೆ ಗೊಬ್ಬರಕ್ಕೆ, ಬಿಸಿಲಿಗೆ ಕಿತ್ತಾಡಿ ಎರಡರಲ್ಲೂ ತೆನೆ ಬೆರಳುದ್ದ ಆಗುತ್ತದೆ. ಗೇಣಿಗೊಂದೇ ಗಿಡ ಇರಬೇಕು.

ಅವರು ಪಕ್ಕದೂರು ಚಿಕ್ಕರಸಿನಕೆರೆಗೆ ಹೋದದ್ದು ನೋಡಿ ಗುಣಿಗೊಂದು ಸಸಿ ಕೀಳೋಕೆ ಕೂತೆ. ಆರು ಸಾಲು ಮುಗಿಸಿ ತಲೆ ಎತ್ತಿದರೆ ಬದುವಿನ ಮೇಲೆ ನಿಂತಿದ್ದಾರೆ! ಬೈಯಲಿಲ್ಲ. ಕಿತ್ತು ಹಾಕಿದ್ದ ಒಂದು ಸಸಿ ಎತ್ತಿಕೊಂಡರು.

"ಎರಡ್ರಲ್ಲಿ ಯಾವ್ದ ಕೀಳ್ಬೇಕು ಅಂತ ಎಂಗ್ ಗೊತ್ತಾಯ್ತದವ್ವ ನಿಂಗೆ?"

"ಬಡಕಲಾಗಿರೋದನ್ನ, ಅತ್ತೆ."

"ನಾನೂ ನಮ್ಮಕ್ಕನೂ ಅವಳಿ ಕಣಮ್ಮ. ಬಡಕ್ಲಾಗಿದ್ದೋಳು ನಾನೇ."

ಅಷ್ಟು ಹೇಳಿ ಮನೆಗೆ ನಡೆದರು.

ಇನ್ನೂ ಹದಿನಾಲ್ಕು ಸಾಲು ಇದೆ. ತಡ ಮಾಡಿದರೆ ಬೇರು ಹೆಣೆದುಕೊಂಡು, ಒಂದನ್ನು ಎಳೆದರೆ ಎರಡೂ ಬರುತ್ತವೆ. ನಾಳೆ ಕೀಳಲೇಬೇಕು, ಕೀಳ್ತೀನಿ. ಆದರೆ ಒಂದೊಂದು ಗುಣಿಯಲ್ಲೂ ಚಿಕ್ಕದರ ಮೇಲೆ ಕೈ ಇಡುವಾಗ ಅತ್ತೆಯೇ ಕಣ್ಣ ಮುಂದೆ ಬರುತ್ತಾರೆ.