ಬೆಳ್ಳಿಯ ಕಾರ್ಡು

ಮೇಷ್ಟ್ರೇ,

ನೀವು ಹೋಗಿ ಎರಡು ವರ್ಷವಾಯಿತು. ಬದುಕಿದ್ದಾಗ ಎದುರು ನಿಂತು ಆಡಬೇಕಿದ್ದ ಮಾತನ್ನು ಈಗ ಬರೆಯುತ್ತಿದ್ದೇನೆ. ನನ್ನ ಹೇಡಿತನಕ್ಕೆ ಬೇರೆ ಸಾಕ್ಷಿ ಬೇಕೇ?

ಕಡೂರಿನ ನಿಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಊರ ದನ ಮೇಯುವ ಇಡೀ ಎಮ್ಮೆದೊಡ್ಡಿ ಕಾವಲನ್ನೇ ಹಾಸಿದ್ದಿರಿ. ಚೌಕಾಬಾರದಂತೆ ಮನೆ ಬರೆದ ಹಾಳೆಗಳು, ಹುಲ್ಲಿಗೆ ಹೆಸರುಕಾಳು, ನೀರಿನ ಕಟ್ಟೆಗೆ ನೀಲಿ ಬಟ್ಟೆ. ದನಕ್ಕೊಂದು ಕಾರ್ಡು: ವಯಸ್ಸು, ಹಸಿವು, ದಿನಕ್ಕೆ ಎಷ್ಟು ಮನೆ ನಡೆದೀತು. ಬೇಸಿಗೆಯಲ್ಲಿ ಹುಲ್ಲು, ನೀರು ಎಲ್ಲ ದನಕ್ಕೂ ದಕ್ಕೀತೇ ಎಂಬ ಲೆಕ್ಕವನ್ನು ಬೆಂಗಳೂರಿನ ಕಂಪ್ಯೂಟರಿಗೆ ಒಪ್ಪಿಸುವ ಮೊದಲು ಒಂದೊಂದನ್ನೂ ಕೈಯಲ್ಲೇ ನಡೆಸಿ ನೋಡುತ್ತಿದ್ದಿರಿ. "ದನ ಕಾಯೋಕೂ ಎಂಎಸ್ಸಿ ಬೇಕಾ ಮೇಷ್ಟ್ರೇ?" ಎಂದು ಕೆಣಕಿದೆ. "ಭಾಷಣ ಮಾಡೋಕೆ ಅದೂ ಬೇಡ ಬಿಡೋ" ಅಂದಿರಿ.

ಕೆಂಚಮ್ಮ ಬಂದು ತನ್ನ ಮುದಿ ಹಸು ಬೆಳ್ಳಿಯ ಕಾರ್ಡು ತಿದ್ದಿಸಿದ ದಿನ ನೆನಪಿದೆಯೇ? ಎರಡು ಹಸು ಬಿಟ್ಟರೆ ಏನೂ ಇಲ್ಲದ ಹೆಂಗಸು. "ಆರು ಮನೆ ಅಂತ ಬರ್ದೀರಲ್ಲ ಸ್ವಾಮಿ, ಅದ್ರ ಹಿಂಗಾಲು ಎಳೀತದೆ. ನಾಕೇ ಕಣ್ರೀ!" ನೀವು ಅಳಿಸಿ ನಾಲ್ಕು ಬರೆದಿರಿ.

ಆ ವರ್ಷ ನಮ್ಮ ಸಂಘಟನೆ ಕಾವಲಿನ ಒಂದು ಅಂಚನ್ನು ಭೂಹೀನರಿಗೆ ಕೊಡಿಸಲು ಹೋರಾಡುತ್ತಿತ್ತು. ಬೇಡಿಕೆ ಈಗಲೂ ತಪ್ಪಲ್ಲ. ನಾನು ಬೆರಳು ತೋರಿಸಿದ ಜಾಗ ತಪ್ಪು. ಅದು ಕಟ್ಟೆಯ ಪಕ್ಕದ್ದು, ಬೇಲಿ ಬಿದ್ದರೆ ದನಗಳ ನೀರಿನ ದಾರಿಗೆ ಅಡ್ಡ. ಕಂಪ್ಯೂಟರು ಆ ಕಾರ್ಡಿನ ದನಗಳನ್ನು ಒಂದು ಬೇಸಿಗೆ ಪೂರ್ತಿ ನಡೆಸಿ ಕೊಟ್ಟ ವರದಿಯಲ್ಲಿ ಒಂದು ಸಾಲಿತ್ತು: ಆ ಅಂಚು ಹೋದರೂ, ಸರಾಸರಿ ನೋಡಿದರೆ, ಉಳಿದ ಹುಲ್ಲು ಸಾಕು. ಅಷ್ಟನ್ನೇ ಕಿತ್ತು ಕರಪತ್ರಕ್ಕೆ ಹಾಕಿದೆ. ನೀವು ಓಡಿ ಬಂದಿರಿ. "ಲೇ, ಮುಂದಿನ ಪುಟ ಓದೋ! ಸರಾಸರಿ ಹಸು ಅಂತ ಯಾವ್ದೂ ಹುಟ್ಟಿಲ್ಲ. ಬೇಲಿ ಸುತ್ತಿ ನೀರಿಗೆ ಹೋಗೋಕೆ ಮುದಿ ದನಕ್ಕೆ ಆಗಲ್ಲ. ಬೇರೆ ಅಂಚು ಕೇಳು, ನಾನೂ ಜೊತೆಗೆ ಬತ್ತೀನಿ."

ನಾನೇನು ಮಾಡಿದೆ? ಕಡೂರಿನ ಸಭೆಯಲ್ಲಿ ಮೈಕ್ ಹಿಡಿದು, "ಇಲ್ಲಿ ಜನ ಹಸಿದಿದ್ದಾರೆ, ನಮ್ಮ ಮೇಷ್ಟ್ರು ಕಾಗದದ ದನ ಮೇಯಿಸ್ತಿದ್ದಾರೆ" ಅಂದೆ. ಎಲ್ಲರೂ ನಕ್ಕರು. ಮೂರನೇ ಸಾಲಿನಲ್ಲಿ ಕೂತಿದ್ದ ನೀವು ಕನ್ನಡಕ ತೆಗೆದು ಒರೆಸಿಕೊಂಡಿರಿ, ಮತ್ತೆ ಹಾಕಿಕೊಳ್ಳಲೇ ಇಲ್ಲ...

ನಾನು ಕೇಳಿದ ಅಂಚೇ ಸಿಕ್ಕಿತು, ಬೇಲಿ ಎದ್ದಿತು. ಆ ಬೇಸಿಗೆಯಲ್ಲೇ ಬೆಳ್ಳಿ ನೀರಿಗೆ ಹೋಗುವ ದಾರಿಯಲ್ಲಿ ಕುಸಿದು ಸತ್ತಿತು. ಕೆಂಚಮ್ಮ ಬೈಯಲಿಲ್ಲ. "ನೀನು ನಮ್ಮೋನು ಅಂದ್ಕೊಂಡಿದ್ದೆ ಕಣಪ್ಪ" ಅಂದಳು, ಅಷ್ಟೇ. 'ಜನ, ಜನ' ಎಂದು ಕೂಗುತ್ತಿದ್ದವನಿಗೆ ಒಬ್ಬಳ ಮುಖ ಕಂಡಿರಲಿಲ್ಲ. ಆಮೇಲೆ ನಿಮ್ಮ ಬೀದಿಯನ್ನೇ ತಪ್ಪಿಸಿ ನಡೆದೆ. ನಿಮ್ಮ ಮಣ್ಣಿಗೂ ಬರಲಿಲ್ಲ.

ಒಂದು ಸುದ್ದಿಯಿದೆ. ನಿಮ್ಮ ಮನೆಯ ಅಮ್ಮಾವ್ರನ್ನು ಕೇಳಿ ಹಾಳೆ, ಕಾರ್ಡುಗಳಿದ್ದ ನಿಮ್ಮ ಪೆಟ್ಟಿಗೆ ತಂದು, ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಹಾಳೆ ಹಾಸಿ, ಆ ಬೇಲಿಯ ಗೆರೆಯನ್ನೂ ಎಳೆದೆ. ಬೆಳ್ಳಿಯ ಕಾರ್ಡು ಒಬ್ಬ ಹುಡುಗಿಯ ಕೈಗೆ ಬಂತು. ನಾಲ್ಕು ಮನೆ, ಮತ್ತೆ ನಾಲ್ಕು ಮನೆ ನಡೆಸಿದಳು. ಬೇಲಿ ಸುತ್ತುವಷ್ಟರಲ್ಲಿ ಹಸುವಿನ ಬಲ ಮುಗಿಯಿತು. ನೀಲಿ ಬಟ್ಟೆ ಕಣ್ಣೆದುರೇ ಇತ್ತು. "ಇಲ್ಲಿ ಬೇಲಿ ಹಾಕ್ಸಿದ್ಯಾರು ಸಾರ್?" ರೇಗಿಬಿಟ್ಟಳು.

"ನಾನೇ ಕಣಮ್ಮ" ಅಂದೆ.

ಅಲ್ಲಿ ಮೈಕ್ ಇರಲಿಲ್ಲ, ಮೇಷ್ಟ್ರೇ. ಇದೇ ಮಾತನ್ನು ಕಡೂರಿನಲ್ಲಿ ಮೈಕ್ ಹಿಡಿದೇ ಹೇಳುತ್ತೇನೆ. ಕೆಂಚಮ್ಮನನ್ನು ನೀವು ಕೂತಿದ್ದ ಮೂರನೇ ಸಾಲಿನಲ್ಲೇ ಕೂರಿಸಿಕೊಂಡು.