ಫೆಬ್ರವರಿ ಮೂವತ್ತೊಂದರ ಎರಕ

ಪ್ರೀತಿಯ ಎಲ್ವುಡ್,

ನೀವು ಕೊಟ್ಟ ಆಕ್ಸಲ್ ಹೌಸಿಂಗ್, ಆ ಹಳೇ ಕಾರಿನ ಅಚ್ಚಿನ ಎರಕದ ಕವಚ, ನನ್ನ ಅಡುಗೆಮನೆಯ ಮೇಜಿನ ಮೇಲೆ ಜಂಬವಾಗಿ ಕೂತಿದೆ. ನನಗೆ ಊಟಕ್ಕೆ ಜಾಗವಿಲ್ಲ, ತಟ್ಟೆ ತೊಡೆಯ ಮೇಲೆ. ಇರಲಿ ಬಿಡಿ. ಆ ದಿನ ಹಳೇ ಕಾರುಗಳ ಸಂತೆಯಲ್ಲಿ ನಿಮಗೆ ನೆಟ್ಟಗೆ ಒಂದು ಥ್ಯಾಂಕ್ಸ್ ಕೂಡ ಹೇಳದೆ ಅಳುತ್ತಾ ಟ್ರಕ್ ಹತ್ತಿಬಿಟ್ಟೆ. ಅದಕ್ಕೇ ಈ ಪತ್ರ.

ನಾನು ಹುಟ್ಟಿದ್ದು 1957ರ ಫೆಬ್ರವರಿ ಒಂದರಂದು, ಶುಕ್ರವಾರ, ಮಿಶಿಗನ್ನಿನಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿ ಊರಿನಲ್ಲಿ. ಮರಳಲ್ಲಿ ಅಚ್ಚೊತ್ತುವ ಎರಕದ ಮಾದರಿಗಳ ಮೇಲೆ ದಿನಾ ಬೆಳಿಗ್ಗೆ ತಾರೀಕಿನ ಬಿಲ್ಲೆ ಬದಲಿಸುವುದು ಅಪ್ಪ ಕಾಸಿಮಿರ್‌ನ ಕೆಲಸ. ಜನವರಿಗೆ ಎ, ಫೆಬ್ರವರಿಗೆ ಬಿ. ಪಕ್ಕದಲ್ಲಿ ದಿನ, ಆಮೇಲೆ ವರ್ಷದ ಕೊನೆಯ ಅಂಕಿ. ನಾನು ಬುದ್ಧಿ ತಿಳಿಯುವ ಮೊದಲೇ ಅಪ್ಪ ಎದೆರೋಗದಿಂದ ಹೋದರು. ಮುಖ ನೆನಪಿಲ್ಲ.

ಅಮ್ಮ ಹೇಳುತ್ತಿದ್ದಳು: "ನಂಗೆ ನೋವು ಶುರುವಾಯ್ತು ಅಂತ ಹೇಳಿಕಳಿಸಿದ್ರೆ, ಕೈಲಿದ್ದ ಬಿಲ್ಲೆ ಅಲ್ಲೇ ಬಿಟ್ಟು ಓಡಿ ಬಂದ್ರು ಕಣೇ. ತಲೆ ತುಂಬಾ ಮರಳು! ನರ್ಸ್ ಒಳಗೇ ಬಿಡಲಿಲ್ಲ. ತಾರೀಕು ತಪ್ಪಾಯ್ತು ಅಂತ ಮಾರನೇ ದಿನ ಫೋರ್‌ಮನ್ ಕೈಲಿ ಸರಿಯಾಗಿ ಬೈಸಿಕೊಂಡ್ರು." ಅಮ್ಮ ಕತೆ ಕಟ್ಟುವುದರಲ್ಲಿ ಪ್ರಚಂಡೆ, ಅದು ಬೀದಿಗೆಲ್ಲಾ ಗೊತ್ತಿತ್ತು. ನನ್ನ ಹುಟ್ಟುಹಬ್ಬಕ್ಕೆ ಕರಿದ ಪೊಂಚ್ಕಿ ಸಿಹಿ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಬ್ರೋನಿಯಾ ಅತ್ತೆ ಮೂಗು ಮುರಿಯುತ್ತಿದ್ದಳು: "ಓಡಿ ಬಂದ್ನಂತೆ! ಹೆಣ್ಣು ಅಂತ ಗೊತ್ತಾಗಿ ಬಾರಿನಿಂದ ಎದ್ದೇ ಬರಲಿಲ್ಲ ನಿಮ್ಮಪ್ಪ." ಅಪ್ಪನ ಸ್ವಂತ ಅಕ್ಕ ಹಾಗೆ ಹೇಳಿದರೆ ಮಗು ಯಾರನ್ನು ನಂಬಬೇಕು ಹೇಳಿ?

ಬೆಳೆದ ಮೇಲೆ ನಾನೂ ಹಳೇ ಕಾರುಗಳ ಕೆಳಗೆ ಅಂಗಾತ ಮಲಗಿ ಎರಕದ ಗುರುತು ಓದುವವಳಾದೆ. ಗಿರಾಕಿಗಳ ಆಕ್ಸಲ್‌ಗೆ ಕಾಲ ಗೊತ್ತುಮಾಡುತ್ತೇನೆ ಅಂತ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ನಾನು ಹುಡುಕುತ್ತಿದ್ದದ್ದು ಆ ಒಂದು ಶುಕ್ರವಾರವನ್ನು.

ನಿಮ್ಮ ಅಂಗಡಿಯ ಮುಂದೆ ಬಂದಾಗ ಪಕ್ಕದ ಅಂಗಡಿಯ ರಾಸ್ಕೋ ಈ ಹೌಸಿಂಗ್ ಮೇಲಿನ ಬಿ 31 7 ತೋರಿಸಿ ಹೊಟ್ಟೆ ಹಿಡಿದು ನಗುತ್ತಿದ್ದ. "ಫೆಬ್ರವರಿ ಮೂವತ್ತೊಂದಂತೆ! ನಿಮ್ಮನೇಲಿ ಯಾವ ಕ್ಯಾಲೆಂಡರ್ ತೂಗಾಕಿದೀಯೋ ಎಲ್ವುಡ್? ನಕಲಿ ಮಾಲು ಅಂತಾರೆ ಜನ. ಆ ಮೂರನ್ನ ಉಜ್ಜಿ ತೆಗಿ, ಒಂದನೇ ತಾರೀಕಾಗುತ್ತೆ, ಸಂಜೆಯೊಳಗೆ ಮಾರಿಹೋಗುತ್ತೆ." ನೀವು ಆಗಲೇ ಕನ್ನಡಕ ಏರಿಸಿ ಕಬ್ಬಿಣ ಉಜ್ಜುವ ಗ್ರೈಂಡರ್ ಹಿಡಿದಿದ್ದಿರಿ, ಪುಣ್ಯಾತ್ಮ! ನಾನು ಸಂತೆಗೆ ಸಂತೆಯೇ ತಿರುಗಿ ನೋಡುವಂತೆ ಕಿರುಚಿದೆ. "ಯಾಕಮ್ಮಾ, ಇದೇನು ನಿಮ್ಮಪ್ಪನ ಮನೆ ಸ್ವತ್ತಾ?" ಅಂತ ಗದರಿಸಿದಿರಿ. ಹೌದು, ನಮ್ಮಪ್ಪನದೇ ಅಂದೆ.

ಇನ್ನೊಬ್ಬರಾಗಿದ್ದರೆ ತಲೆ ಕೆಟ್ಟ ಮುದುಕಿ ಅಂತ ಅಟ್ಟುತ್ತಿದ್ದರು. ನೀವು ಗ್ರೈಂಡರ್ ಕೆಳಗಿಟ್ಟು ನನ್ನ ಮಾತು ಕೇಳಿದಿರಿ. ನಾನು ಹುಟ್ಟಿದ ಹಿಂದಿನ ದಿನ ಜನವರಿ ಮೂವತ್ತೊಂದು. ಅಪ್ಪ ಎ ತೆಗೆದು ಬಿ ಹಾಕಿರಬೇಕು, ಮೂವತ್ತೊಂದನ್ನು ತೆಗೆಯುವ ಮೊದಲೇ ಕರೆ ಬಂದಿರಬೇಕು, ಮಾದರಿ ಹಾಗೇ ಮರಳಿಗೆ ಹೋಗಿರಬೇಕು ಅಂತ ತೊದಲಿದೆ. ನೀವು ಮಂಡಿಯೂರಿ ತಂತಿ ಬ್ರಷ್‌ನಲ್ಲಿ ತುಕ್ಕು ಉದುರಿಸಿದಿರಿ, ಸೀಮೆಸುಣ್ಣ ತಿಕ್ಕಿದಿರಿ. ಕೊನೆಯ ಏಳು ಐವತ್ತೇಳೋ ಅರವತ್ತೇಳೋ ಅಂತ ಮೊದಲು ಭಾಗದ ನಂಬರ್ ನೋಡಿದಿರಿ. ಐವತ್ತೇಳೇ, ಅರವತ್ತೇಳರ ಹೊತ್ತಿಗೆ ಆ ಹೌಸಿಂಗ್ ಎರಕವೇ ನಿಂತಿತ್ತು. ಆಮೇಲೆ ನನ್ನ ಬೆರಳು ಹಿಡಿದು ಗುರುತಿನ ಮೇಲೆ ಇಟ್ಟಿರಿ.

"ಅಂಕಿ ಬಿಲ್ಲೆಗಳ ಪಕ್ಕ ಎರಡೆರಡು ಸ್ಕ್ರೂ ತಲೆ ಮೂಡಿದೆ, ಸಿಕ್ತಾ? ಬಿ ಪಕ್ಕ ಒಂದೇ. ಅದಕ್ಕೇ ಅದು ವಾಲಿದೆ. ಎರಡನೇ ಸ್ಕ್ರೂ ಹಾಕೋಕೂ ನಿಲ್ಲಲಿಲ್ಲಮ್ಮ ನಿಮ್ಮಪ್ಪ." ರಾಸ್ಕೋಗೂ ಬಿಡಲಿಲ್ಲ: "ನಕಲಿ ಮಾಡೋನು ಇಲ್ಲದ ತಾರೀಕು ಯಾಕೋ ಹಾಕ್ತಾನೆ, ದಡ್ಡ?"

ಎಲ್ವುಡ್, ಆ ವಾಲಿದ ಅಕ್ಷರದ ಮೇಲೆ ಬೆರಳಿಟ್ಟಾಗ ನನಗಾದ ಸಂತೋಷವನ್ನು ಹೇಗೆ ಬರೆಯಲಿ? ಇಷ್ಟು ವಯಸ್ಸಾದ ಮೇಲೆ ನನಗೆ ಅಪ್ಪ ಸಿಕ್ಕರು.

ಭಾನುವಾರ ಬ್ರೋನಿಯಾ ಅತ್ತೆಯನ್ನು ಕರೆತಂದು ಮೇಜಿನ ಮುಂದೆ ಕೂರಿಸಿ ಆ ಗುರುತಿನ ಕತೆ ಹೇಳಿದೆ. ಚೆನ್ನಾಗಿ ಬೈಯಬೇಕೆಂದು ಮಾತು ಕೂಡಿಸಿಟ್ಟುಕೊಂಡಿದ್ದೆ. ಕಣ್ಣು ಕಾಣದ ಅತ್ತೆ ಗುರುತನ್ನು ತಡವಿ ತಡವಿ ನೋಡಿದಳು. ಆಮೇಲೆ ಅಂದಳು: "ಬಂದಿದ್ದ ಕಣೇ. ನಾನೇ ಕಿಟಕೀಲಿ ನೋಡಿದ್ದೆ, ಆ ಹಿಮದಲ್ಲಿ ಕೋಟೂ ಇಲ್ಲದೆ ಓಡ್ತಿದ್ದ. ನನ್ನ ಹೆರಿಗೆಗಳಿಗೆ ನಮ್ಮ ಮನೆಯೋರು ಒಂದಕ್ಕೂ ಬರಲಿಲ್ಲ. ನಿಮ್ಮಮ್ಮನಿಗೆ ಮಾತ್ರ ಅದು ಸಿಕ್ಕಿತಲ್ಲಾ ಅಂತ ಹೊಟ್ಟೆ ಉರಿದುಹೋಯ್ತು."

ಕೂಡಿಸಿಟ್ಟ ಬೈಗುಳವನ್ನೆಲ್ಲಾ ಅಲ್ಲೇ ಬಿಟ್ಟೆ. ಅವಳ ಕೈ ಹಿಡಿದು ಕೂತೆ.

ನಿಮ್ಮ ಮಗಳಿಗೆ ಕ್ರಿಸ್ಮಸ್ ಹೊತ್ತಿಗೆ ದಿನ ತುಂಬುತ್ತದೆ ಅಂತ ರಾಸ್ಕೋ ಹೇಳಿದ. ಕರೆ ಬಂದಾಗ ಕೈಯಲ್ಲಿ ಏನಿದ್ದರೂ ಅಲ್ಲೇ ಬಿಟ್ಟು ಓಡಿ, ಎಲ್ವುಡ್. ತಾಯಿ ಮಗು ಸುಖವಾಗಿರಲಿ. ಬಾಗಿಲಾಚೆ ಏದುಸಿರು ಬಿಡುತ್ತಾ ನಿಂತವರೊಬ್ಬರು ಆ ಮಗುವಿಗೆ ಸದಾ ಇರಲಿ.

ನಿಮ್ಮ ಉಪಕಾರ ಮರೆಯದ,
ಕಾಸಿಮಿರ್‌ನ ಮಗಳು
ಡೊಲೊರೆಸ್