‘ಮೊನೆ ಸಿಗಲಿಲ್ಲ’

ಮನೆಯಿಂದ,
ಮೂರನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳು ಗುಬ್ಬಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಹುಷಾರಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಸಿಕ್ಕಿದೆ ಅಂತ ನಿನ್ನ ಅತ್ತೆ ಹೇಳಿದಳು. ಆ ಬಿಸಿನೀರು, ಆ ಪೌಡರು ಎರಡೂ ಚರ್ಮಕ್ಕೆ ಆಗುವುದಿಲ್ಲ. ರಬ್ಬರ್ ಗ್ಲೌಸ್ ಕೊಡುತ್ತಾರೋ ಇಲ್ಲವೋ? ಕೊಟ್ಟರೂ ತೂತಿದೆಯಾ ಅಂತ ನೀರು ತುಂಬಿಸಿ ನೋಡಿ ಹಾಕಿಕೊ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸಿಗೇ ಸ್ಲೇಟು ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದು.

ಅಮ್ಮ ಹಾಗೇ ಇದ್ದಾಳೆ. ಎಡಗೈ ಇನ್ನೂ ಮೇಲೆ ಏಳುವುದಿಲ್ಲ, ಬಾಯಿಗೆ ಮಾತ್ರ ಏನೂ ಆಗಿಲ್ಲ. ಶಿಫ್ಟಿಗೆ ಹೋಗುವ ಮುಂಚೆ ಅವಳ ಮೈ ಒರೆಸುತ್ತೇನೆ, ನಮ್ಮ ಫ್ಯಾಕ್ಟರಿಯದೇ ಬಟ್ಟೆ, ಅಂಚು ಕತ್ತರಿಸಿ ಬಿಟ್ಟ ತುಂಡುಗಳು. ಒಂದೊಂದು ತುಂಡನ್ನೂ ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ, ಆಮೇಲೆ ನನ್ನ ಕೆನ್ನೆಗೆ ಉಜ್ಜಿ ನೋಡುತ್ತೇನೆ. “ಅದೇನು ಹೆಣ್ಣು ನೋಡೋಕೆ ಬಂದೋರ ಥರ ನೋಡ್ತೀರಿ? ಬೇಗ ಒರೆಸ್ರಿ, ಚಳಿ” ಅಂತ ಬೈಯುತ್ತಾಳೆ. ಬೈದು ಮುಗಿದ ಮೇಲೆ ನಿನ್ನ ಮಾತು ತೆಗೆಯುತ್ತಾಳೆ. “ನನ್ನ ಮಗಳು ಸುಳ್ಳು ಹೇಳೋಳಲ್ಲ ಕಣ್ರೀ” ಅನ್ನುತ್ತಾಳೆ. ನಾನು ಬಕೆಟ್ಟಿನ ನೀರು ಚೆಲ್ಲಲು ಹಿತ್ತಿಲಿಗೆ ಹೋಗುತ್ತೇನೆ.

ನಿನ್ನ ಮಿಷನ್ನಿಗೆ ಹೊಸಬಳೊಬ್ಬಳು ಬಂದಿದ್ದಾಳೆ. ಪಾಪ, ಅವಳಿಗೆ ಇನ್ನೂ ಸೂಜಿ ಮುರಿಯುವ ಸದ್ದು ತಿಳಿಯುವುದಿಲ್ಲ. ನೀನು ಸೇರಿದ ಹೊಸದರಲ್ಲಿ ನನಗೇ ಪಾಠ ಹೇಳಿದ್ದೆ. “ಅಪ್ಪಾ, ಇದು ನೇಯದೆ ಆಗೋ ಬಟ್ಟೆ. ನೂಲೂ ಇಲ್ಲ, ಮಗ್ಗಾನೂ ಇಲ್ಲ. ನಾರು ಹಾಸಿ, ಸಾವಿರಾರು ಸೂಜೀಲಿ ಚುಚ್ಚಿ ಚುಚ್ಚಿ ಒಂದಕ್ಕೊಂದು ತೊಡರಿಸೋದು, ಅಷ್ಟೇ.” ಸೂಜಿಯ ಮೈಮೇಲಿನ ಪುಟ್ಟ ಮುಳ್ಳುಗಳನ್ನು ನನ್ನ ಉಗುರಿಗೆ ತಾಗಿಸಿ ತೋರಿಸಿದ್ದೆ. ಹದಿನೆಂಟು ವರ್ಷ ಪಕ್ಕದ ಮೇಜಿನಲ್ಲಿ ಅದೇ ಬಟ್ಟೆಯನ್ನು ದೀಪಕ್ಕೆ ಹಿಡಿದು ತಪ್ಪು ಹುಡುಕಿದವನಿಗೆ ಅಷ್ಟೂ ಗೊತ್ತಿರಲಿಲ್ಲ. ಆ ಬಟ್ಟೆ ಕತ್ತರಿಸಿ ಮಕ್ಕಳ ಮೈ ಒರೆಸುವ ಟಿಶ್ಯೂ ಮಾಡುವ ಶೆಡ್ಡಿನ ಹೆಂಗಸರು ಈಗಲೂ ನನ್ನನ್ನು ಕಂಡರೆ “ನಡೆದಾಡೋ ಸೂಜಿಡಬ್ಬಿ ಬಂತು, ದೂರ ಸರೀರೇ” ಅಂತ ನಗುತ್ತಾರೆ. ನೀನು ಅಂಬೆಗಾಲಿಡುವಾಗ ಅಂಟಿದ ಚಾಳಿ ಅದು. ನೆಲದ ಮೇಲೆ ಪಿನ್ನೋ ಸೂಜಿಯೋ ಕಂಡರೆ, ಯಾರಿಗಾದರೂ ಚುಚ್ಚೀತು ಅಂತ ಎತ್ತಿ ಕಾಲರಿಗೆ ಸಿಕ್ಕಿಸಿಕೊಳ್ಳುವುದು. ನೀನು ದೊಡ್ಡವಳಾದರೂ ಚಾಳಿ ಹೋಗಲಿಲ್ಲ.

ಆ ದಿನದ ಮಾತು ಎತ್ತಬಾರದು ಅಂದುಕೊಂಡೇ ಬರೆಯಲು ಕೂತೆ, ಪೆನ್ನು ಅಲ್ಲಿಗೇ ಹೋಗುತ್ತದೆ. ಟಕ್ ಅಂದಿತು, ನೀನು ತಕ್ಷಣ ಮಿಷನ್ ನಿಲ್ಲಿಸಿದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ, ಸೂಜಿಹಾಳೆಯ ಮೇಲೆ ಟೇಪು ಹಾಕಿ ಅಂಟಿಸಿ, ಬುಡಕ್ಕೆ ಮೊನೆ ಕೂಡಿತು ಅಂತ ತೋರಿಸಿದ ಮೇಲೇ ಮಿಷನ್ ಮತ್ತೆ ಓಡಬೇಕು. ಬುಡ ಸಿಕ್ಕಿತು. ಮೊನೆ ಇಲ್ಲ. ಮೂರು ಗಂಟೆ ಹೊತ್ತು ನೀನು ಅಯಸ್ಕಾಂತ ಹಿಡಿದು ಮಂಡಿಯೂರಿ ಹುಡುಕಿದೆ, ನಾನೂ ನಿನ್ನ ಪಕ್ಕದಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದೆ. ಶೆಡ್ಡಿನ ರೋಲುಗಳನ್ನೆಲ್ಲ ಲೋಹ ಹಿಡಿಯುವ ಮಿಷನ್ನಿನಲ್ಲಿ ಹಾಯಿಸಿದರು, ಒಂದೂ ಕೂಗಲಿಲ್ಲ. ಕೊನೆಗೆ ನೀನು ಹಾಳೆಯ ಮೇಲೆ ‘ಮೊನೆ ಸಿಗಲಿಲ್ಲ’ ಅಂತ ಬರೆದೆ. ಬೇರೆಯವರಾಗಿದ್ದರೆ ಯಾವುದೋ ಹಳೇ ಚೂರು ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು.

ಮಾರನೇ ಬೆಳಿಗ್ಗೆ ಮ್ಯಾನೇಜರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಿನ್ನತ್ತ ಬೆರಳು ತೋರಿಸಿದ. “ಇಲ್ಲಿಲ್ಲ ಅಂದ್ರೆ ನಿನ್ನೆ ಹೋದ ಲಾರೀಲಿದೆ. ಲಾರಿ ತುಂಬೋವಾಗ ಲೋಹದ ಮಿಷನ್ ಕೆಟ್ಟಿತ್ತು, ರಿಪೇರಿ ಆಗಿದ್ದು ಆಮೇಲೆ, ಅದು ನಿಂಗೆ ಗೊತ್ತಿತ್ತು. ಸೂಜಿ ಮುರಿದಿದ್ದು ಆವಾಗ್ಲೇ, ಬಾಯಿ ಮುಚ್ಚಿಕೊಂಡು ಓಡಿಸಿದ್ದೀಯ. ಯಾವ ತಾಯಿ ಯಾವ ಮಗೂನ ಅದರಲ್ಲಿ ಒರೆಸ್ತಾಳೋ!” ಅಂದ. ಅಷ್ಟರಲ್ಲಿ ಆ ಮಾಲು ಅಂಗಡಿ ಅಂಗಡಿಗೆ ಹಂಚಿಹೋಗಿತ್ತು. ನಿನ್ನನ್ನು ಆಗಲೇ ಗೇಟಿನಿಂದಾಚೆ ಕಳಿಸಿದರು. ಆಮೇಲೆ ಇಲ್ಲಿ ಯಾವ ಫ್ಯಾಕ್ಟರಿಯವರೂ ನಿನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬಸ್ಸು ಹತ್ತುವ ಮುಂಚೆ ನೀನು ಕೇಳಿದ್ದು ಒಂದೇ ಮಾತು, “ನೀನಾದ್ರೂ ನಂಬ್ತೀಯಾ ಅಪ್ಪಾ?” ನಾನು ನಿನ್ನ ಚೀಲದ ಜಿಪ್ಪು ಸರಿ ಮಾಡುತ್ತಾ ನಿಂತೆ. ಜಿಪ್ಪು ಸರಿಯಾಗಿಯೇ ಇತ್ತು.

ಇನ್ನು ಹೆಚ್ಚಿಗೆ ಬರೆದರೆ ನಿನಗೆ ಬೇಜಾರು. ಒಬ್ಬಳೇ ಇರುತ್ತೀಯ, ಮಲಗುವ ಮುಂಚೆ ಗ್ಯಾಸು ಆರಿಸಿದ್ದೀಯಾ ಅಂತ ಎರಡು ಸಲ ನೋಡು. ಒದ್ದೆ ನೆಲದ ಮೇಲೆ ಓಡಬೇಡ. ಅಮ್ಮ ಬಲಗೈಯಿಂದ ಈ ಕಾಗದ ಸವರಿ ಕೊಟ್ಟಿದ್ದಾಳೆ, ಅದೇ ಅವಳ ಆಶೀರ್ವಾದ ಅಂದುಕೊ.

ಇತಿ,
ನಿನ್ನ ಅಪ್ಪ

ಮತ್ತೆ: ಮರೆತಿದ್ದೆ ಅಂತ ಬರೆಯಲು ಹೊರಟಿದ್ದೆ, ಮರೆತಿಲ್ಲ. ಇದರ ಕೆಳಗೆ ಟೇಪು ಹಾಕಿ ಅಂಟಿಸಿರುವುದು ಆ ಮೊನೆ. ಟಕ್ ಅಂದಾಗ ನಿನ್ನ ಚಪ್ಪಲಿಯ ಹತ್ತಿರ ಏನೋ ಹೊಳೆಯಿತು. ಕೈ ತನ್ನಷ್ಟಕ್ಕೆ ತಾನೇ ಎತ್ತಿ ಕಾಲರಿಗೆ ಸಿಕ್ಕಿಸಿತು, ತಲೆಗೆ ಗೊತ್ತೇ ಆಗಲಿಲ್ಲ. ನಾವಿಬ್ಬರೂ ಹುಡುಕುತ್ತಿದ್ದಾಗ ಅದು ನನ್ನ ಕುತ್ತಿಗೆಯ ಪಕ್ಕದಲ್ಲೇ ಇತ್ತು. ಸಂಜೆ ಅಮ್ಮನನ್ನು ಎತ್ತಿ ಕೂರಿಸುವಾಗ ಚುಚ್ಚಿತು. ಉಗುರಿಗೆ ತಾಗಿಸಿ ನೋಡಿದೆ, ಮುಳ್ಳು. ಬೆಳಿಗ್ಗೆ ಹೇಳೋಣ ಅಂದುಕೊಂಡೆ. ಬೆಳಿಗ್ಗೆ ಮ್ಯಾನೇಜರ್ ಕೂಗಾಡುವಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕೈ ಕಾಲರಿಗೆ ಹೋಯಿತು. ಇಬ್ಬರ ಕೆಲಸವೂ ಹೋದರೆ ಅಮ್ಮನ ಗತಿ ಏನು ಅಂತ ಅಂದುಕೊಳ್ಳುತ್ತಲೇ ನಾಲ್ಕು ತಿಂಗಳು ಕಳೆದೆ. ಆಫೀಸಿನ ಬಾಗಿಲ ತನಕ ಐದು ಸಲ ಹೋಗಿ ಬಂದಿದ್ದೇನೆ. ನನ್ನ ಹತ್ತಿರವಿದ್ದರೆ ಮತ್ತೆ ಬಚ್ಚಿಡುತ್ತೇನೆ, ಅದಕ್ಕೇ ನಿನಗೆ ಕಳಿಸಿದ್ದು. ನಿನ್ನ ಹಾಳೆ ಅವರ ಬೀರುವಿನಲ್ಲಿದೆ, ಬುಡಕ್ಕೆ ಇಟ್ಟರೆ ಕೂಡುತ್ತದೆ. ಬಾ, ಎಲ್ಲರ ಮುಂದೆ ಇಡು, ನಾನು ಪಕ್ಕದಲ್ಲಿ ನಿಂತು ಹೌದು ಅನ್ನುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಟೇಪು ನಿಧಾನಕ್ಕೆ ಬಿಚ್ಚು ಮಗಳೇ, ಬೆರಳಿಗೆ ಚುಚ್ಚೀತು.